ತುಡುವೆ ಪೆಟ್ಟಿಗೆ ಕಳಿಸುವ ಮೊದಲು

(ಪಾರ್ಕ್‌ಮೋರ್‌ನಲ್ಲಿ ನಡೆದ ನಮ್ಮ ವೇದಿಕೆಯ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)



ನಾನು ಭಾಷಣ ಮಾಡುವವ ಅಲ್ಲ. ಸರಕಾರಿ ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಮುಗಿಸಿ, ಮಂಗಳೂರು, ಆಮೇಲೆ ಗಲ್ಫ್ ಅಂತ ಸುತ್ತಿ, ಈಗ ಇಲ್ಲಿ ಪಾರ್ಕ್‌ಮೋರ್‌ನ ಕಾರ್ಖಾನೆಗಳಲ್ಲಿ ವಯರಿಂಗ್ ಮಾಡುವವ. ಜೇನಿನ ಬಗ್ಗೆ ಮಾತಾಡು ಅಂತ ನನ್ನನ್ನು ನಿಲ್ಲಿಸಿದ್ದಕ್ಕೆ ಕಾರಣ ಇಷ್ಟೆ: ನಮ್ಮದು ಸುಳ್ಯ ತಾಲೂಕು, ಅಜ್ಜನ ಕಾಲದಿಂದ ಮನೆಯಲ್ಲಿ ತುಡುವೆ ಜೇನು ಸಾಕಿದ್ದೇವೆ. ಹೋದ ಸಲ ಎಲ್ಲ ಸೇರಿದಾಗ ನಿಮ್ಮಲ್ಲಿ ನಾಲ್ಕೈದು ಜನ ಬೇರೆ ಬೇರೆಯಾಗಿ ಬಂದು ಒಂದೇ ಪ್ರಶ್ನೆ ಕೇಳಿದಿರಿ. "ಊರಲ್ಲಿ ಅಪ್ಪ-ಅಮ್ಮ ಇಬ್ಬರೇ. ತೋಟ ಉಂಟು. ಇಲ್ಲಿಂದ ದುಡ್ಡು ಕಳಿಸಿ ಇಪ್ಪತ್ತು ಪೆಟ್ಟಿಗೆ ಇಡಿಸಿದರೆ ಹೇಗೆ? ಅವರಿಗೂ ಹೊತ್ತು ಹೋಗ್ತದೆ, ನಾಲ್ಕು ಕಾಸೂ ಬರ್ತದೆ."

ನನ್ನ ಉತ್ತರ ಮೊದಲೇ ಹೇಳಿಬಿಡ್ತೇನೆ. ಇಪ್ಪತ್ತು ಬೇಡ, ಎರಡು ಇಡಿಸಿ. ಯಾಕೆ ಅಂತ ಹೇಳಲಿಕ್ಕೆ ಸ್ವಲ್ಪ ಹೊತ್ತು ಬೇಕು.

ನಮ್ಮ ಕಡೆ ಮುಖ್ಯವಾಗಿ ಕಾಣುವುದು ನಾಲ್ಕು ಬಗೆಯ ಜೇನು. ದೊಡ್ಡ ಮರಕ್ಕೆ, ನೀರಿನ ಟ್ಯಾಂಕಿಗೆ ಒಂದೇ ದೊಡ್ಡ ಎರಿ ಕಟ್ಟುವುದು ಹೆಜ್ಜೇನು. ಪೊದೆಯ ಕೋಲಿಗೆ ಅಂಗೈಯಷ್ಟು ಎರಿ ಕಟ್ಟುವುದು ಕೋಲುಜೇನು. ಗೋಡೆಯ ಸಂದಿಯಲ್ಲಿ ಅಂಟಿನ ಕೊಳವೆ ಮಾಡಿಕೊಂಡು ಕೂರುವ ಚಿಕ್ಕದು ಮುಜಂಟಿ, ಅದು ಚುಚ್ಚುವುದಿಲ್ಲ. ನಾಲ್ಕನೆಯದು ತುಡುವೆ. ಇದಕ್ಕೆ ಕತ್ತಲೆ ಬೇಕು. ಮರದ ಪೊಟರೆ, ಹುತ್ತ, ಕಲ್ಲಿನ ಬಿರುಕು ಹುಡುಕಿಕೊಂಡು ಒಳಗೆ ಸಾಲಾಗಿ ಏಳೆಂಟು ಎರಿ ಕಟ್ಟುತ್ತದೆ. ಕತ್ತಲೆಯಲ್ಲಿ ಸಾಲು ಎರಿ ಕಟ್ಟುವ ಜಾತಿ ಆದ್ದರಿಂದಲೇ ಅದನ್ನು ಪೆಟ್ಟಿಗೆಯಲ್ಲಿ ಸಾಕಲಿಕ್ಕೆ ಆಗ್ತದೆ. ಹೆಜ್ಜೇನನ್ನು ಹಾಗೆ ಪೆಟ್ಟಿಗೆಯಲ್ಲಿ ಸಾಕುವ ರೂಢಿ ಇಲ್ಲ.

ಅಜ್ಜನ ಕಾಲದಲ್ಲಿ ಮಣ್ಣಿನ ಮಡಕೆಯ ಒಳಗೆ ಮೇಣ ಉಜ್ಜಿ, ಮರದ ಕವಲಿನಲ್ಲಿ ಕವುಚಿ ಇಡ್ತಿದ್ದರು. ಪಾಲಾಗಿ ಬಂದ ಜೇನು ತಾನಾಗಿ ಸೇರಿಕೊಳ್ಳುತ್ತಿತ್ತು. ಜೇನು ಬೇಕಾದಾಗ ಎರಿಯನ್ನೇ ಮುರಿದು ಹಿಂಡಬೇಕಿತ್ತು, ಮರಿಯೂ ಹೋಗ್ತಿತ್ತು. 1910ರ ದಶಕದಲ್ಲಿ ತಿರುಚಿರಾಪಳ್ಳಿಯ ಫಾದರ್ ನ್ಯೂಟನ್ ಎಂಬ ಪಾದ್ರಿ ನಮ್ಮ ಸಣ್ಣ ನೊಣಕ್ಕೆ ತಕ್ಕ ಅಳತೆಯ ಪೆಟ್ಟಿಗೆ ಮಾಡಿದರು. ಕೆಳಗೆ ಸಂಸಾರದ ಕೋಣೆ, ಮೇಲೆ ಜೇನಿನ ಕೋಣೆ, ಎರಡರಲ್ಲೂ ಎತ್ತಿ ತೆಗೆಯುವ ಚೌಕಟ್ಟು. ಎರಿ ಮುರಿಯದೆ ಯಂತ್ರದಲ್ಲಿ ತಿರುಗಿಸಿ ಜೇನು ತೆಗೆದು, ಖಾಲಿ ಎರಿ ವಾಪಸ್ ಇಡಬಹುದು. ಕೊಡಗಿನ ಭಾಗಮಂಡಲ, ವಿರಾಜಪೇಟೆ ಜೇನಿಗೆ ಹೆಸರಾದದ್ದು, ಪುತ್ತೂರಿನಲ್ಲಿ ಜೇನು ವ್ಯವಸಾಯಗಾರರ ಸಹಕಾರಿ ಸಂಘ ಬೆಳೆದದ್ದು, ಇಂಥ ಪೆಟ್ಟಿಗೆ ಮನೆಮನೆಗೆ ಬಂದ ಮೇಲೆ.

ಪೊಟರೆಯ ಜೇನನ್ನು ಪೆಟ್ಟಿಗೆಗೆ ತರುವ ಕೆಲಸ ಹೀಗೆ: ತೆಂಗಿನ ಸಿಪ್ಪೆಯ ಹೊಗೆ ಮೆಲ್ಲಗೆ ಕೊಟ್ಟು, ಮರಿ ಇರುವ ಎರಿಯನ್ನು ಕೊಯ್ದು, ಚೌಕಟ್ಟಿಗೆ ಬಾಳೆ ನಾರಿನಿಂದ ಕಟ್ಟುವುದು. ನೊಣಗಳು ಒಂದೆರಡು ದಿನದಲ್ಲಿ ಎರಿಯನ್ನು ಚೌಕಟ್ಟಿಗೆ ತಾವೇ ಬೆಸೆದುಕೊಂಡು ನಾರನ್ನು ಕಡಿದು ಹೊರಗೆ ಎಸೆಯುತ್ತವೆ. ರಾಣಿ ಒಳಗೆ ಬಂದರೆ ಉಳಿದ ಎಲ್ಲ ನೊಣ ಅದರ ಹಿಂದೆ ಬರುತ್ತವೆ. ಬಾಗಿಲಿಗೆ ಕೆಲವು ದಿನ ರಾಣಿ ಗೇಟು ಹಾಕ್ತಾರೆ: ಕೆಲಸದ ನೊಣ ತೂರುತ್ತದೆ, ರಾಣಿ ತೂರುವುದಿಲ್ಲ.

ಆ ಗೇಟು ಯಾಕೆ ಬೇಕು ಎನ್ನುವುದರಲ್ಲೇ ನಿಮ್ಮ ಪ್ರಶ್ನೆಗೆ ಉತ್ತರ ಉಂಟು. ತುಡುವೆ ಎದ್ದು ಹೋಗುವ ಜಾತಿ.

ಪಾಲಾಗುವುದು ಬೇರೆ, ಎದ್ದು ಹೋಗುವುದು ಬೇರೆ. ಪಾಲಾದರೆ ಅರ್ಧ ಸಂಸಾರ ಹೊಸ ಮನೆ ಹುಡುಕಿ ಹೋಗ್ತದೆ, ಅರ್ಧ ಉಳೀತದೆ. ಎದ್ದು ಹೋದರೆ ಪೆಟ್ಟಿಗೆಯೇ ಖಾಲಿ. ಹಸಿವಾದರೆ, ಬಿಸಿಲು ನೇರ ಬಿದ್ದರೆ, ಇರುವೆ ಹತ್ತಿದರೆ, ಮೇಣದ ಪತಂಗದ ಹುಳು ಎರಿಗೆ ಬಲೆ ಕಟ್ಟಿದರೆ, ದಿನಾ ಮುಚ್ಚಳ ತೆಗೆದು ನೋಡಿದರೆ, ಎದ್ದು ಹೋಗ್ತದೆ. ಇಲ್ಲಿ ಐರ್ಲೆಂಡಿನಲ್ಲಿ ಸಾಕುವ ಯುರೋಪಿನ ನೊಣ ಹಾಗಲ್ಲ. ಅದು ಊಟ ಮುಗಿದರೆ ಹೆಚ್ಚಾಗಿ ಪೆಟ್ಟಿಗೆಯಲ್ಲೇ ಹಸಿದು ಸಾಯ್ತದೆ. ನಮ್ಮದು ರಾಣಿ ಮೊಟ್ಟೆ ಇಡುವುದನ್ನು ಕಡಿಮೆ ಮಾಡಿ, ಇದ್ದ ಜೇನು ಹೊಟ್ಟೆಗೆ ತುಂಬಿಕೊಂಡು, ಒಂದು ಮಧ್ಯಾಹ್ನ ಹೊರಡ್ತದೆ.

ಇಲ್ಲಿ ಚಳಿಗಾಲ ಇದ್ದ ಹಾಗೆ ನಮ್ಮಲ್ಲಿ ಮಳೆಗಾಲ. ಇಲ್ಲಿಯವರು ಚಳಿಗಾಲಕ್ಕೆ ಒಂದು ಪೆಟ್ಟಿಗೆಯಲ್ಲಿ ಹದಿನೈದು ಇಪ್ಪತ್ತು ಕೆಜಿ ಜೇನು ಬಿಡ್ತಾರೆ. ನಮ್ಮ ತುಡುವೆ ವರ್ಷಕ್ಕೆ ಕೊಡುವುದೇ ಐದಾರು ಕೆಜಿ, ಒಳ್ಳೆಯ ವರ್ಷ ಹತ್ತು. ರಬ್ಬರ್ ಚಿಗುರುವ ಹೊತ್ತಿನಿಂದ ಏಪ್ರಿಲ್-ಮೇ ತನಕ ಸುಗ್ಗಿ. ಜೂನ್ ಬಂತೆಂದರೆ ಹೂವು ಇಲ್ಲ, ಹೊರಗೆ ಹೋಗಲಿಕ್ಕೆ ಬಿಡುವೂ ಇಲ್ಲ. ಆಟಿ ತಿಂಗಳಲ್ಲಿ ನಮಗೇ ಒಳಗೆ ಕೂತು ಹಲಸಿನ ಬೀಜ ಸುಟ್ಟು ತಿನ್ನುವ ಕಾಲ. ಜೇನಿಗೆ ಅದೂ ಇಲ್ಲ. ಆಗ ಸಕ್ಕರೆ, ನೀರು ಸಮ ಪಾಕ ಮಾಡಿ ಸಂಜೆ ಕತ್ತಲಾದ ಮೇಲೆ ಪೆಟ್ಟಿಗೆಯ ಒಳಗೆ ಇಡಬೇಕು. ಹಗಲು ಇಟ್ಟರೆ ಪಕ್ಕದ ಪೆಟ್ಟಿಗೆಯವು ಕದಿಯಲು ಬರುತ್ತವೆ. ಸ್ಟ್ಯಾಂಡಿನ ಕಾಲಿನ ಬುಡದ ನೀರಿನ ಬಟ್ಟಲು ಒಣಗಬಾರದು, ಇಲ್ಲಾಂದ್ರೆ ಇರುವೆ. ಈ ಕೆಲಸ ಜೋರು ಮಳೆಯಲ್ಲಿ, ಜಾರುವ ತೋಟದಲ್ಲಿ, ವಾರಕ್ಕೊಮ್ಮೆಯಾದರೂ ಆಗಬೇಕು. ಎಪ್ಪತ್ತು ದಾಟಿದ ಅಪ್ಪ ಛತ್ರಿ ಹಿಡಿದು ಇಪ್ಪತ್ತು ಪೆಟ್ಟಿಗೆಗೆ ಪಾಕ ಇಡುವುದನ್ನು ಒಮ್ಮೆ ಕಣ್ಣಿಗೆ ತಂದುಕೊಳ್ಳಿ. ದುಡ್ಡು ಇಲ್ಲಿಂದ ಹೋಗ್ತದೆ. ಕೈ ಹೋಗುವುದಿಲ್ಲ.

ಇನ್ನೊಂದು ವಿಷಯ ರೋಗ. 1991-92ರ ಹೊತ್ತಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ದಕ್ಷಿಣ ಭಾರತಕ್ಕೆ ಬಂತು. ಮರಿಹುಳು ಕೋಶದಲ್ಲೇ ಸತ್ತು, ನೀರು ತುಂಬಿದ ಸಣ್ಣ ಚೀಲದ ಹಾಗೆ ಆಗ್ತದೆ. ವೈರಸ್ ಆದ್ದರಿಂದ ಮದ್ದು ಇಲ್ಲ. ಕೇರಳ, ಕೊಡಗು, ದಕ್ಷಿಣ ಕನ್ನಡದಲ್ಲಿ ಸಾಕಿದ ತುಡುವೆಯ ಬಹುಪಾಲು ಹೋಯಿತು. ನನ್ನ ಸೋದರಮಾವನ ಹತ್ತಿರ ಆಗ ನಲವತ್ತು ಚಿಲ್ಲರೆ ಪೆಟ್ಟಿಗೆ ಇದ್ದವು, ಉಳಿದದ್ದು ಮೂರು. ಖಾಲಿ ಪೆಟ್ಟಿಗೆ ತೊಳೆದು ಒಣಗಿಸಿ ಅಟ್ಟಕ್ಕೆ ಹಾಕಿದರಂತೆ. ಆಗ ಹಲವರು ಸಾಲ ತೀರಿಸಲಿಕ್ಕಾಗದೆ ಈ ಕೆಲಸವನ್ನೇ ಬಿಟ್ಟರು. ಮಾವ ಬಿಡಲಿಲ್ಲ, ಹೊರಗಿನಿಂದ ಹೊಸ ಕುಟುಂಬ ಕೊಂಡೂ ತರಲಿಲ್ಲ. ಉಳಿದ ಮೂರರಿಂದ, ಕಾಡಿನ ಪೊಟರೆಯಲ್ಲಿ ತಾನಾಗಿ ಬದುಕಿ ಉಳಿದದ್ದರಿಂದ ಮಾತ್ರ ಪಾಲು ಮಾಡಿಕೊಂಡು ಬಂದರು. ರೋಗದ ಗುರುತು ಕಂಡರೆ ರಾಣಿಯನ್ನು ಕೆಲವು ದಿನ ಪಂಜರದಲ್ಲಿ ಕೂಡಿಹಾಕುವುದು ಅವರ ಕ್ರಮ. ಹೊಸ ಮರಿ ಇಲ್ಲದೆ ಇದ್ದರೆ ವೈರಸ್ಸಿಗೆ ಬೆಳೆಯಲು ಜಾಗ ಇಲ್ಲ. ಅಷ್ಟರಲ್ಲಿ ನೊಣಗಳು ಸತ್ತದ್ದನ್ನು ಗುಡಿಸಿ ಹೊರಗೆ ಹಾಕುತ್ತವೆ. ರೋಗ ಇವತ್ತಿಗೂ ಪೂರ್ತಿ ಹೋಗಿಲ್ಲ. ಒಂದೇ ಸಲ ಇಪ್ಪತ್ತು ಕುಟುಂಬ ಬೇರೆ ಬೇರೆ ಕಡೆಯಿಂದ ಕೊಂಡು ಒಂದೇ ತೋಟದಲ್ಲಿ ಇಡಬೇಡಿ ಎನ್ನುವುದು ಇದಕ್ಕೇ.

"ಹಾಗಾದರೆ ಹೆಚ್ಚು ಜೇನು ಕೊಡುವ ಯುರೋಪಿನ ನೊಣವನ್ನೇ ಇಡಬಹುದಲ್ಲ?" ಅಂತ ಕೇಳಬಹುದು. ಬಯಲುಸೀಮೆಯ ಸೂರ್ಯಕಾಂತಿ ಹೊಲದಲ್ಲಿ, ಪೆಟ್ಟಿಗೆಯನ್ನು ಲಾರಿಯಲ್ಲಿ ಊರಿಂದೂರಿಗೆ ಸಾಗಿಸುವವರಿಗೆ ಅದು ಸರಿ. ನಮ್ಮ ಮಳೆ, ನಮ್ಮ ಸಣ್ಣ ತೋಟಕ್ಕೆ ತುಡುವೆಯೇ ಹೊಂದುವುದು. ಅದಕ್ಕೆ ಗೊತ್ತಿರುವ ಮೂರು ವಿಷಯ ಹೇಳ್ತೇನೆ.

ಒಂದು, ವರೋವಾ ಎಂಬ ಉಣುಗು. ಅದು ಮೂಲದಲ್ಲಿ ತುಡುವೆಯ ಮೇಲೆ ಇದ್ದದ್ದು. ತುಡುವೆ ಅದನ್ನು ಮೈಯಿಂದ ಹೆಕ್ಕಿ ತೆಗೀತದೆ, ಅದು ಹೆಚ್ಚುವುದು ಗಂಡು ನೊಣದ ಮರಿಯಲ್ಲಿ ಮಾತ್ರ; ಹಾಗಾಗಿ ಸಂಸಾರ ಉಳೀತದೆ. ಎರಡೂ ಜಾತಿಯನ್ನು ಮನುಷ್ಯ ಒಂದೇ ಕಡೆ ಇಟ್ಟಾಗ ಅದು ಯುರೋಪಿನ ನೊಣಕ್ಕೆ ಹಾರಿತು. ಇದು ಐರ್ಲೆಂಡಿಗೆ ಬಂದದ್ದು 1998ರಲ್ಲಿ, ಸ್ಲೈಗೋ ಕಡೆ ಮೊದಲು ಕಂಡಿತು. ಇವತ್ತು ಇಲ್ಲಿ ಜೇನು ಸಾಕುವವರ ದೊಡ್ಡ ತಲೆನೋವು ಇದೇ.

ಎರಡು, ಕಡಜ. ಏಷ್ಯಾದ ಕಡಜವೊಂದು 2004ರ ಹೊತ್ತಿಗೆ ಫ್ರಾನ್ಸಿಗೆ ಬಂದು ಹಬ್ಬಿತು. 2021ರಲ್ಲಿ ಡಬ್ಲಿನ್‌ನಲ್ಲಿ ಒಂದು ಸಿಕ್ಕಿತು, 2025ರಲ್ಲಿ ಕಾರ್ಕ್‌ನಲ್ಲಿ ಗೂಡೇ ಸಿಕ್ಕಿತು. ತುಡುವೆಗೆ ಕಡಜ ಹೊಸದಲ್ಲ. ನೂರಾರು ನೊಣ ಒಟ್ಟಿಗೆ ಕಡಜವನ್ನು ಮುತ್ತಿ ಉಂಡೆಯಾಗಿ, ರೆಕ್ಕೆಯ ಸ್ನಾಯು ನಡುಗಿಸಿ ಬಿಸಿ ಏರಿಸುತ್ತವೆ. ಉಂಡೆಯ ಒಳಗೆ 46 ಡಿಗ್ರಿ ಆಸುಪಾಸು. ಕಡಜ ಬೆಂದು ಸಾಯ್ತದೆ, ನೊಣ ತಡೆದುಕೊಳ್ತದೆ. ಎರಡರ ಸಹನೆಯ ನಡುವೆ ಇರುವುದು ಕೆಲವೇ ಡಿಗ್ರಿ ವ್ಯತ್ಯಾಸ. ಇಷ್ಟು ನಿಖರವಾದ ಹೀಟರ್ ಕಂಟ್ರೋಲ್ ನಾನು ಯಾವ ಪ್ಯಾನಲ್‌ನಲ್ಲೂ ಕೂರಿಸಿಲ್ಲ.

ಮೂರನೆಯದು ನನ್ನ ಟ್ರೇಡಿನವರಿಗೆ ಖುಷಿ ಕೊಡುವ ವಿಷಯ. ಸೆಕೆಯಾದಾಗ ನೊಣಗಳು ಬಾಗಿಲಲ್ಲಿ ನಿಂತು ರೆಕ್ಕೆ ಬೀಸುತ್ತವೆ. ಯುರೋಪಿನ ನೊಣ ತಲೆ ಒಳಗೆ ಮಾಡಿ ನಿಲ್ತದೆ, ಅಂದರೆ ಒಳಗಿನ ಗಾಳಿ ಹೊರಗೆ ಎಳೀತದೆ. ತುಡುವೆ ತಲೆ ಹೊರಗೆ ಮಾಡಿ ನಿಂತು ಹೊರಗಿನ ಗಾಳಿ ಒಳಗೆ ನೂಕ್ತದೆ. ಒಂದು ಎಕ್ಸಾಸ್ಟ್ ಫ್ಯಾನ್, ಇನ್ನೊಂದು ಸಪ್ಲೈ ಫ್ಯಾನ್. ರಜೆಯಲ್ಲಿ ಊರಿಗೆ ಹೋದಾಗ ಮಕ್ಕಳಿಗೆ ತೋರಿಸಿ, ದೂರದಿಂದಲೇ ಗುರುತಿಸಬಹುದು.

ವರೋವಾ, ಕಡಜ ಎರಡೂ ಇಲ್ಲಿಗೆ ತಾವಾಗಿ ನಡೆದು ಬಂದದ್ದಲ್ಲ, ಮನುಷ್ಯರ ಸಾಗಾಟದ ಜೊತೆ ಬಂದದ್ದಿರಬೇಕು. ಸಾಮಾನು ಹೊತ್ತು ತಿರುಗುವವರು ನಾವು. ಆದ್ದರಿಂದ ಒಂದು ಸಣ್ಣ ಕೋರಿಕೆ. ಊರಿನ ಜೇನು ಬಾಟಲಿ ಖಾಲಿಯಾದ ಮೇಲೆ ತೊಳೆಯದೆ ಹಿತ್ತಲಲ್ಲಿ ಇಡಬೇಡಿ. ಇಲ್ಲಿಯ ನೊಣ ನೆಕ್ಕಲಿಕ್ಕೆ ಬರ್ತದೆ, ಜೇನಿನಲ್ಲಿ ಮರಿಕೊಳೆ ರೋಗದ ಬೀಜಾಣು ಇದ್ದರೆ ಗೂಡಿಗೆ ಒಯ್ತದೆ. ನಮಗೆ ಅದರಿಂದ ಏನೂ ಆಗುವುದಿಲ್ಲ, ಪಕ್ಕದ ಮನೆಯವರ ಜೇನು ಕುಟುಂಬ ಹೋಗ್ತದೆ. ಬಿಸಿನೀರಲ್ಲಿ ತೊಳೆದು ಮರುಬಳಕೆ ಡಬ್ಬಿಗೆ ಹಾಕಿ. ಅದೇ ರೀತಿ, ಇಲ್ಲಿ ಹಳೆಯ ಪೆಟ್ಟಿಗೆ, ಎರಿ, ಮೇಣ ಸಿಕ್ಕಿತು ಅಂತ ಊರಿಗೆ ಒಯ್ಯುವುದೂ ಬೇಡ.

ನೆರೆಯವರ ಮಾತು ಬಂತಲ್ಲ. ಈ ದೇಶದಲ್ಲಿ ಏಳನೇ ಶತಮಾನದಷ್ಟು ಹಿಂದೆಯೇ ಜೇನಿನ ನ್ಯಾಯಕ್ಕೆಂದೇ ಒಂದು ಕಾನೂನು ಬರೆದಿದ್ದರು, ಬೆಖ್‌ಬ್ರೆಹಾ ಅಂತ. ನಿಮ್ಮ ನೊಣ ಪಕ್ಕದವರ ಹೂವಿನಲ್ಲಿ ಮೇಯ್ತದೆ, ಆದ್ದರಿಂದ ಪಕ್ಕದವರಿಗೂ ಪಾಲು ಉಂಟು ಎನ್ನುವುದು ಅದರ ವಿಚಾರ. ಊರಲ್ಲಿ ಇದನ್ನೇ ಮಾಡಿ. ಸುಗ್ಗಿಯ ಮೊದಲ ಬಾಟಲಿ ಆಚೆ ತೋಟದವರಿಗೆ ಕೊಡಿ. ಆಮೇಲೆ ಕೀಟನಾಶಕ ಹೊಡೆಯುವ ಹಿಂದಿನ ದಿನ ಅವರೇ ಬಂದು ಹೇಳ್ತಾರೆ, "ನಾಳೆ ಮದ್ದು ಉಂಟು, ಪೆಟ್ಟಿಗೆ ಮುಚ್ಚಿಡಿ" ಅಂತ.

ಈಗ ಎರಡು ಪೆಟ್ಟಿಗೆಯ ಲೆಕ್ಕ. ಮನೆಗೆ ಹತ್ತಿರ, ನೆರಳಲ್ಲಿ, ಅಂಗಳದಿಂದ ಕಾಣುವ ಜಾಗದಲ್ಲಿ ಇಡಿಸಿ. ಒಂದೇ ಇದ್ದರೆ ಹೋಲಿಸಿ ನೋಡಲಿಕ್ಕಾಗುವುದಿಲ್ಲ. ಎರಡಿದ್ದರೆ ಒಂದು ಸೋತಾಗ ಇನ್ನೊಂದರಿಂದ ಮರಿ ಎರಿ ಕೊಟ್ಟು ಎತ್ತಬಹುದು. ಕುಟುಂಬವನ್ನು ನಿಮ್ಮ ಊರಿನ ಹತ್ತಿರದ ಸಾಕಣೆಗಾರರಿಂದಲೇ ಕೊಳ್ಳಿ. ತೋಟಗಾರಿಕೆ ಇಲಾಖೆಯ ತರಬೇತಿ, ಸಹಾಯಧನ ವಿಚಾರಿಸಿ. ಉಳಿದ ಹದಿನೆಂಟು ಪೆಟ್ಟಿಗೆಯ ದುಡ್ಡಲ್ಲಿ ಸ್ವಲ್ಪವನ್ನು ಮಳೆಗಾಲದ ನಾಲ್ಕು ತಿಂಗಳು ವಾರಕ್ಕೊಮ್ಮೆ ಬಂದು ನೋಡುವ ಪಕ್ಕದ ಮನೆಯ ಹುಡುಗನಿಗೆ ಕೊಡಿ. ಜೇನು ಉಳಿಯುವುದು ಅವನಿಂದ.

ನೀವು ಇಲ್ಲಿಂದ ಮಾಡಬಹುದಾದದ್ದು ಫೋನು. ನಮ್ಮಮ್ಮ ಈಗ ಮಾವನ ಎರಡು ಪೆಟ್ಟಿಗೆ ನೋಡಿಕೊಳ್ತಾರೆ. ಭಾನುವಾರ ನಾನು ನಾಲ್ಕೇ ಪ್ರಶ್ನೆ ಕೇಳುವುದು. ಕಾಲಿಗೆ ಪರಾಗ ಹಚ್ಚಿಕೊಂಡು ನೊಣ ಬರ್ತಾ ಉಂಟಾ? ಬರ್ತಾ ಇದ್ದರೆ ಹೆಚ್ಚಾಗಿ ಒಳಗೆ ಮರಿ ಉಂಟು, ರಾಣಿ ಸರಿ ಉಂಟು. ಬಾಗಿಲ ಕೆಳಗೆ ಬಿಳಿ ಮರಿಹುಳು ಬಿದ್ದಿದೆಯಾ? ಬಿದ್ದಿದ್ದರೆ ರೋಗ ಇರಬಹುದು, ಬಲ್ಲವರನ್ನು ಕರೆಸಬೇಕು. ಬಟ್ಟಲಲ್ಲಿ ನೀರು ಉಂಟಾ? ಹಿಂದಿನಿಂದ ಪೆಟ್ಟಿಗೆಯನ್ನು ಸ್ವಲ್ಪ ಎತ್ತಿದರೆ ಭಾರ ಉಂಟಾ, ಹಗುರವಾ? ಹಗುರ ಅಂದರೆ ಅವತ್ತು ಸಂಜೆಯೇ ಪಾಕ.

ಇದರಲ್ಲಿ ನನಗೆ ಇನ್ನೊಂದು ಲಾಭವೂ ಉಂಟು. "ಹುಷಾರಿದ್ದೀರಾ" ಅಂತ ಕೇಳಿದರೆ ಅಮ್ಮ ಯಾವಾಗಲೂ ಹುಷಾರೇ ಅಂತಾರೆ. ಪೆಟ್ಟಿಗೆ ಎತ್ತಿ ನೋಡಿದಿರಾ ಅಂತ ಕೇಳಿದಾಗ, "ಈ ವಾರ ಸೊಂಟ ಬಗ್ಗಲಿಲ್ಲ ಮಗಾ" ಅಂತ ಬಾಯಿ ಬಿಡ್ತಾರೆ.

ಊರಲ್ಲಿ ಇಡಿಸಬೇಕು ಅಂತ ನಿಜವಾಗಿ ಇರುವವರು ಚಹಾದ ಹೊತ್ತಿಗೆ ನನ್ನ ಹತ್ತಿರ ಬನ್ನಿ. ಯಾವ ತಾಲೂಕು, ಮನೆಯಲ್ಲಿ ಯಾರಿದ್ದಾರೆ, ಮಳೆಗಾಲದಲ್ಲಿ ಯಾರು ನೋಡ್ತಾರೆ, ಇಷ್ಟು ಬರೆದುಕೊಂಡು ಬಂದರೆ ಸಾಕು.