ಅಂಟು, ಜಾರು, ಮಾತ್ರೆ

1843ರಲ್ಲಿ ಇಂಗ್ಲೆಂಡಿನಲ್ಲಿ ಮಾತ್ರೆ ಒತ್ತುವ ಅಚ್ಚಿಗೆ ಪೇಟೆಂಟ್ ಪಡೆದ ವಿಲಿಯಂ ಬ್ರಾಕೆಡನ್ ವೈದ್ಯರಲ್ಲ, ಚಿತ್ರಕಾರರು. ಪೆನ್ಸಿಲ್ಲಿಗೆಂದು ಗ್ರಾಫೈಟ್ ಪುಡಿಯನ್ನು ಒತ್ತಿ ಗಟ್ಟಿ ಮಾಡಿದ ಅಚ್ಚಿನಲ್ಲೇ ಔಷಧದ ಪುಡಿಯೂ ಗುಳಿಗೆಯಾಯಿತು. ಅದಕ್ಕೂ ಮುಂಚೆ ಗುಳಿಗೆಯೆಂದರೆ ಕೈಯಲ್ಲಿ ಉರುಳಿಸಿದ್ದು. ಆಯುರ್ವೇದದ ಶಾರ್ಙ್ಗಧರ ಸಂಹಿತೆ ವಟಿಗೆ, ಅಂದರೆ ಗುಳಿಗೆಗೆ, ಬೆಲ್ಲ, ಸಕ್ಕರೆ, ಗುಗ್ಗುಳಗಳ ಪಾಕವನ್ನು ಹೇಳುತ್ತದೆ. ಅಂಟಿನ ಅಗತ್ಯ ಹಳೆಯದೇ.

ಪೊಟ್ಯಾಸಿಯಂ ಕ್ಲೋರೇಟಿನಂಥ ಹರಳುಗಳು ಒತ್ತಿದರೆ ತಾವೇ ಕೂಡಿಕೊಳ್ಳುತ್ತವೆ. ಉಳಿದ ಬಹುಪಾಲು ಪುಡಿಗಳು ಅಚ್ಚಿನಿಂದ ಹೊರಬರುತ್ತಲೇ ಉದುರುತ್ತವೆ, ಇಲ್ಲವೇ ಮೇಲ್ಪದರ ಟೋಪಿಯಂತೆ ಕಳಚುತ್ತದೆ. ಇದಕ್ಕೆ ಸಿಕ್ಕ ಮದ್ದು ಗಂಜಿ. ಪಿಷ್ಟ ಬೇಯಿಸಿದ ಗಂಜಿಯನ್ನು ಪುಡಿಗೆ ಹಾಕಿ ನಾದಬೇಕು. ಹಿಡಿಯಲ್ಲಿ ಅದುಮಿದರೆ ಉಂಡೆಯಾಗಿ, ಹೆಬ್ಬೆರಳಿನಿಂದ ಒತ್ತಿದರೆ ಚೂರು ಚೂರಾಗದೆ ಎರಡಾಗಿ ಮುರಿದರೆ ಹದ ಬಂತೆಂದು ಲೆಕ್ಕ. ಆಮೇಲೆ ಜರಡಿ ಹಿಡಿದು ಒಣಗಿಸಿದರೆ ಒತ್ತಲು ಕಾಳು ಸಿದ್ಧ. ಗಂಜಿಗಿಂತ ಬಿಗಿಯಾದದ್ದು ಗೋಂದು. ಅದು ಜಾಸ್ತಿಯಾದರೆ ಮಾತ್ರೆ ಕಲ್ಲಾಗಿ, ಹೊಟ್ಟೆಯಲ್ಲಿ ಬಿಚ್ಚಿಕೊಳ್ಳಲು ತಡವಾಗುತ್ತದೆ.

ಹೀಗೆ ಬಿಚ್ಚಿಕೊಳ್ಳುವುದನ್ನು ಅಳೆಯುವ ಪರೀಕ್ಷೆ ಇಪ್ಪತ್ತನೆಯ ಶತಮಾನದ ನಡುವೆ ಔಷಧ ಸಂಹಿತೆಗಳಿಗೆ ಬಂತು. ಆರು ಗಾಜಿನ ಕೊಳವೆಗಳ ಬುಟ್ಟಿ 37 ಡಿಗ್ರಿ ನೀರಿನಲ್ಲಿ ಏರಿಳಿಯುತ್ತದೆ. ಭಾರತೀಯ ಔಷಧ ಸಂಹಿತೆಯ ಪ್ರಕಾರ ಲೇಪವಿಲ್ಲದ ಸಾಮಾನ್ಯ ಮಾತ್ರೆಗೆ 15 ನಿಮಿಷದ ಗಡುವು. ಬಿಚ್ಚಿಸಲು ಬಳಸಿದ್ದೂ ಪಿಷ್ಟವೇ. ಬೇಯಿಸಿದರೆ ಅಂಟುವ ಪದಾರ್ಥವನ್ನು ಒಣ ಪುಡಿಯಾಗಿ ಬೆರೆಸಿದರೆ ಅದು ನೀರು ಹೀರಿ ಮಾತ್ರೆಯನ್ನು ಒಡೆಯುತ್ತದೆ! 1930ರ ದಶಕದಲ್ಲಿ ಜರ್ಮನಿಯ ವಾಲ್ಟರ್ ರೆಪ್ಪೆ ರೂಪಿಸಿದ ಪಾಲಿವಿನೈಲ್ ಪೈರೊಲಿಡೋನ್ ಕೂಡ ಇದೇ ಜಾತಿಯದು: ನೀರಿನಲ್ಲಿ ಕರಗಿದಾಗ ಒಳ್ಳೆಯ ಅಂಟು, ಸರಪಳಿಗಳನ್ನು ಅಡ್ಡ ಬೆಸೆದು ಕರಗದಂತೆ ಮಾಡಿದರೆ ಮಾತ್ರೆ ಒಡೆಯುವ ಕ್ರಾಸ್‌ಪೊವಿಡೋನ್.

ಜಾರುಕದ ಕಥೆ ಇನ್ನೂ ತೊಡಕಿನದು. ಅದಿಲ್ಲದಿದ್ದರೆ ಮಾತ್ರೆ ಅಚ್ಚಿನ ಗೋಡೆಗೆ ಉಜ್ಜಿ ಅಂಚು ಹರಿಯುತ್ತದೆ, ಒತ್ತುಗೂಟಕ್ಕೆ ಮೆತ್ತುತ್ತದೆ. ಮೆಗ್ನೀಸಿಯಂ ಸ್ಟಿಯರೇಟ್ ಎಂಬ ಜಾರುಕ ಸಾಮಾನ್ಯವಾಗಿ ಶೇಕಡಾ 0.25ರಿಂದ 1ರಷ್ಟು ಸಾಕು. ಆದರೆ ಕಲಸಿದಷ್ಟೂ ಅದು ಕಣಕಣದ ಮೇಲೆ ಎಣ್ಣೆ ಸವರಿದಂತೆ ತೆಳುವಾಗಿ ಹರಡುತ್ತದೆ. ಕಣಗಳು ಒಂದಕ್ಕೊಂದು ಅಂಟದೆ ಮಾತ್ರೆ ಮೆದುವಾಗುತ್ತದೆ, ನೀರೂ ಒಳಗಿಳಿಯದೆ ಬಿಚ್ಚುವುದೂ ನಿಧಾನ. ಬಲವೂ ಹೋಯಿತು, ಬಿಚ್ಚುವ ಗುಣವೂ ಹೋಯಿತು. ಈ ಪೆಟ್ಟು ಎಲ್ಲ ಪುಡಿಗೂ ಒಂದೇ ಅಲ್ಲ. 1955ರಲ್ಲಿ ಅಮೆರಿಕದಲ್ಲಿ ಕಂಡುಬಂದ ಸೂಕ್ಷ್ಮ ಸ್ಫಟಿಕ ಸೆಲ್ಯುಲೋಸ್ ಒಣಗಿರುವಾಗಲೇ ಒತ್ತಿದರೆ ಗಟ್ಟಿಯಾಗುವಂಥದ್ದು, ಗಂಜಿಯ ಗೋಜಿಲ್ಲ. ಆದರೆ ಒತ್ತಿದಾಗ ಒಡೆಯದೆ ಮಣಿಯುವ ಅದರ ಕಣಗಳ ಮೇಲಿನ ಪೊರೆ ಹಾಗೇ ಉಳಿಯುವುದರಿಂದ ಸ್ಟಿಯರೇಟಿನ ಪೆಟ್ಟು ಅದಕ್ಕೇ ಹೆಚ್ಚು. ಒತ್ತಿದಾಗ ಒಡೆಯುವ ಡೈಕ್ಯಾಲ್ಸಿಯಂ ಫಾಸ್ಫೇಟಿನಲ್ಲಿ ಹೊಸ ಬರಿ ಮೇಲ್ಮೈ ತೆರೆದುಕೊಳ್ಳುತ್ತದೆ, ಪೆಟ್ಟು ಕಡಿಮೆ. ಕಲಸಿದಷ್ಟೂ ಪೆಟ್ಟು ಹೆಚ್ಚೆಂದೇ ಕಾರ್ಖಾನೆಗಳಲ್ಲಿ ಸ್ಟಿಯರೇಟನ್ನು ಎಲ್ಲಕ್ಕಿಂತ ಕೊನೆಯಲ್ಲಿ ಹಾಕಿ, ಕೆಲವೇ ನಿಮಿಷ ತಿರುಗಿಸಿ, ಆ ನಿಮಿಷಗಳ ಲೆಕ್ಕವನ್ನೂ ದಾಖಲೆಯಲ್ಲಿ ಬರೆದಿಡುತ್ತಾರೆ.