ಊರಿನ ಆರೋಗ್ಯವೆಂಬ ಸರಪಣಿ
(ಶಾಲೆಯ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ರೋಗ ಬಂದಾಗ ನಾವೆಲ್ಲರೂ ವೈದ್ಯರನ್ನು ನೆನೆಯುತ್ತೇವೆ. ರೋಗ ಬಾರದಂತೆ ಊರನ್ನು ಕಾಯುವವರನ್ನು ನೆನೆಯುವವರು ಕಡಮೆ. ನಮ್ಮ ಪಲ್ಲಡಂ ಪ್ರಾಂತದಲ್ಲಿ ಈ ಕಾವಲಿನ ಏರ್ಪಾಡು ಹೇಗಿದೆ, ಅದರಲ್ಲಿ ನಮ್ಮ ಪಾಲೇನು ಎಂಬುದನ್ನು ಕುರಿತು ನಾಲ್ಕು ಮಾತುಗಳನ್ನಾಡಲು ಬಯಸುತ್ತೇನೆ.

ಮದರಾಸು ಆಧಿಪತ್ಯದಲ್ಲಿ ಜನಾರೋಗ್ಯಕ್ಕೆಂದೇ ಪ್ರತ್ಯೇಕ ಇಲಾಖೆಯು ನೂರು ವರ್ಷಗಳ ಹಿಂದೆಯೇ ಸ್ಥಾಪಿತವಾಯಿತು. 1939ರಲ್ಲಿ ಸಾರ್ವಜನಿಕ ಆರೋಗ್ಯದ ಶಾಸನವೂ ಬಂದಿತು. ಕುಡಿಯುವ ನೀರು, ಚರಂಡಿ, ಸೊಳ್ಳೆಗಳ ನಿವಾರಣೆ, ಅಂಟುಜಾಡ್ಯಗಳ ವರದಿ ಇವೆಲ್ಲವೂ ಆ ಒಂದೇ ಶಾಸನದಲ್ಲಿ ಅಡಕವಾಗಿವೆ. ತಮಿಳುನಾಡಿನಲ್ಲಿ ಅದು ಇಂದಿಗೂ ಜಾರಿಯಲ್ಲಿದೆ.

ಬಯಲುನಾಡಿನಲ್ಲಿ 5,000 ಜನರಿಗೊಂದು ಉಪಕೇಂದ್ರ, 30,000 ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕೆಂಬುದು ನಿಯಮ. ಉಪಕೇಂದ್ರದ ನರ್ಸಮ್ಮನವರು ಗರ್ಭಿಣಿಯರ ಹೆಸರನ್ನು ಬರೆದುಕೊಳ್ಳುತ್ತಾರೆ. ಶಿಶುಗಳಿಗೆ ಚುಚ್ಚುಮದ್ದು ಹಾಕುತ್ತಾರೆ. ಆರೋಗ್ಯ ನಿರೀಕ್ಷಕರು ನೀರು ನೈರ್ಮಲ್ಯಗಳನ್ನು ನೋಡಿಕೊಳ್ಳುತ್ತಾರೆ. 2021ರಲ್ಲಿ ಆರಂಭವಾದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯಂತೆ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗೆ ಮಾತ್ರೆಗಳು ಮನೆಬಾಗಿಲಿಗೇ ಬರುತ್ತವೆ.

ಆದರೆ ಒಂದು ತೊಡಕುಂಟು. ಪ್ರಾಥಮಿಕ ಆರೋಗ್ಯ ಕೇಂದ್ರವು ಒಂದು ನಿರ್ದೇಶನಾಲಯಕ್ಕೆ ಸೇರಿದ್ದು. ತಾಲ್ಲೂಕು ಆಸ್ಪತ್ರೆ ಮತ್ತೊಂದಕ್ಕೆ. ನಲ್ಲಿಯೂ ಚರಂಡಿಯೂ ಪುರಸಭೆಯ ಅಥವಾ ಪಂಚಾಯತಿಯ ಹೊಣೆ. ಖಾಸಗಿ ವೈದ್ಯರು ಇವರಾರ ಅಧೀನರೂ ಅಲ್ಲ. ಸೊಳ್ಳೆಗೆ ಮಾತ್ರ ಇಂತಹ ಎಲ್ಲೆಕಟ್ಟುಗಳಿಲ್ಲ!

ಡೆಂಗ್ಯೂ ಜ್ವರವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ನಲ್ಲಿಯಲ್ಲಿ ದಿನವೂ ನೀರು ಬಾರದ ಬೀದಿಗಳಲ್ಲಿ ಜನರು ಡ್ರಮ್ಮು ತೊಟ್ಟಿಗಳಲ್ಲಿ ನೀರನ್ನು ತುಂಬಿಡುತ್ತಾರೆ. ಈ ರೋಗವನ್ನು ಹರಡುವ ಸೊಳ್ಳೆಯು ಇಂತಹ ತಿಳಿನೀರಿನಲ್ಲಿಯೇ ಮೊಟ್ಟೆಯಿಡುತ್ತದೆ. ಮೊಟ್ಟೆಯು ಸೊಳ್ಳೆಯಾಗಲು ಎಂಟು ಹತ್ತು ದಿನಗಳು ಸಾಕು. ಒಂದು ಮನೆಯ ಮಗುವಿಗೆ ಜ್ವರವೆಂದು ತಿಳಿದೊಡನೆ ವೈದ್ಯರು ರಕ್ತಪರೀಕ್ಷೆ ಮಾಡಿಸಬೇಕು. ಫಲಿತಾಂಶವು ಆರೋಗ್ಯ ನಿರೀಕ್ಷಕರಿಗೆ ತಲುಪಬೇಕು. ಕಾರ್ಯಕರ್ತರು ಸುತ್ತಲಿನ ಮನೆಗಳ ತೊಟ್ಟಿ, ಟೈರು, ತೆಂಗಿನ ಚಿಪ್ಪುಗಳನ್ನು ಶೋಧಿಸಬೇಕು. ಪುರಸಭೆಯು ನೀರಿನ ಸರಬರಾಜನ್ನು ಸರಿಪಡಿಸಬೇಕು. ಈ ಸರಪಣಿಯ ಮೊದಲ ಕೊಂಡಿ ಸುದ್ದಿ. ಅಂಗಡಿಯ ಮಾತ್ರೆಯೊಂದನ್ನು ನುಂಗಿಸಿ ತಂದೆತಾಯಿಗಳು ಸುಮ್ಮನಿದ್ದರೆ ಆ ಸುದ್ದಿಯು ಮನೆಯಲ್ಲಿಯೇ ಉಳಿಯುತ್ತದೆ. ಜ್ವರವು ಮಾತ್ರ ಬೀದಿಯ ಉದ್ದಕ್ಕೂ ನಡೆಯುತ್ತದೆ. ಡೆಂಗ್ಯೂವಿನಲ್ಲಿ ಕೆಲವು ನೋವಿನ ಮಾತ್ರೆಗಳು ರಕ್ತಸ್ರಾವಕ್ಕೂ ಕಾರಣವಾಗುತ್ತವೆ. ಜ್ವರವಿಳಿದ ಮೇಲೆ ಹೊಟ್ಟೆನೋವು, ಬಿಡದ ವಾಂತಿ, ಮಂಪರು ಕಂಡರೆ ಪ್ರಾಣಾಪಾಯವೆಂದೇ ತಿಳಿದು ಕೂಡಲೆ ಆಸ್ಪತ್ರೆಗೆ ಧಾವಿಸಬೇಕು. 108ಕ್ಕೆ ದೂರವಾಣಿ ಮಾಡಿದರೆ ವಾಹನವು ಬರುತ್ತದೆ.

ಎಲ್ಲ ಕೊಂಡಿಗಳೂ ಕೂಡಿಕೊಂಡರೆ ಏನಾಗಬಲ್ಲುದು ಎಂಬುದಕ್ಕೆ ಪೋಲಿಯೋ ಸಾಕ್ಷಿ. ದಾದಿಯರು, ಅಂಗನವಾಡಿಯವರು, ಸ್ವಯಂಸೇವಕರು, ತಾಯಂದಿರು ಒಂದಾಗಿ ದುಡಿದುದರಿಂದ 2011ರ ತರುವಾಯ ಆ ಕಾಡುರೋಗವು ನಮ್ಮ ದೇಶದಲ್ಲಿ ಹರಡಲಿಲ್ಲ. 2014ರಲ್ಲಿ ಭಾರತವು ಪೋಲಿಯೋಮುಕ್ತವೆಂದು ಘೋಷಿತವಾಯಿತು.

ವಿದ್ಯಾರ್ಥಿಗಳೇ, ನಿಮಗೂ ಇಲ್ಲಿ ಕೆಲಸವುಂಟು. ಇಲಾಖೆಯ ಪ್ರಕಟಣೆಗಳು ತಮಿಳಿನಲ್ಲಿರುತ್ತವೆ. ಮನೆಯಲ್ಲಿ ಕನ್ನಡವನ್ನೇ ಆಡುವ ಅಜ್ಜ ಅಜ್ಜಿಯರಿಗೆ ಅವನ್ನು ಓದಿ ಅರ್ಥವನ್ನು ತಿಳಿಸಿರಿ. ವಾರಕ್ಕೊಂದು ದಿನ ನೀರಿನ ಪಾತ್ರೆಗಳನ್ನು ಬರಿದುಮಾಡಿ, ಒಳಗೋಡೆಗೆ ಅಂಟಿದ ಮೊಟ್ಟೆಗಳು ಹೋಗುವಂತೆ ಉಜ್ಜಿರಿ. ಮತ್ತೆ ತುಂಬಿದ ಮೇಲೆ ಮುಚ್ಚಿಡಿರಿ. ಪೋಷಕರೇ, ಮನೆಗೆ ಬಂದ ನರ್ಸಮ್ಮನವರನ್ನು ಬಾಗಿಲಲ್ಲಿಯೇ ನಿಲ್ಲಿಸಿ ಕಳುಹಿಸಬೇಡಿರಿ. ಅವರು ಕೇಳುವುದಕ್ಕೆ ನಿಜವಾದ ಉತ್ತರವನ್ನು ಕೊಡಿರಿ.

ಸರ್ಕಾರವು ಎಷ್ಟೇ ಕೊಂಡಿಗಳನ್ನು ಜೋಡಿಸಿದರೂ ಕಡೆಯ ಕೊಂಡಿಯು ನಮ್ಮ ಮನೆಯ ಹೊಸಲಲ್ಲಿದೆ. ಅದನ್ನು ಸಡಿಲಗೊಳಿಸದಿರುವುದು ನಮ್ಮ ಕರ್ತವ್ಯ.