ನಡುಮನೆಗೊಂದು ಬೆಳಕಿಂಡಿ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಸಂಘದ ಹುಟ್ಟುಹಬ್ಬಕ್ಕೆ ವೈದ್ಯರನ್ನು ಮಾತಿಗೆ ಕರೆದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಲೆಸ್ಟರಾಲ್, ಈ ಮೂರರಲ್ಲಿ ಒಂದು ಗ್ಯಾರಂಟಿ ಎಂದು ತಾವು ಭಾವಿಸಿರುತ್ತೀರಿ. ಹೋಳಿಗೆ ಊಟ ಕಾಯುತ್ತಿರುವಾಗ ಆ ಪಾಪದ ಕೆಲಸ ನಮಗೆ ಬೇಡ. ಇವತ್ತು ನಾವು ಹೇಳಹೊರಟಿರುವುದು ಮನೆಯ ಮಾಡಿಗೆ ತೂತು ಕೊರೆಸುವ ವಿಷಯ. ನಗಬೇಡಿ, ಇದಕ್ಕೂ ವೈದ್ಯಕ್ಕೂ ಸಂಬಂಧವಿದೆ.

ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಇಲ್ಲಿ ರೆಸಿಡೆನ್ಸಿ ಮಾಡಿ, ಡೆಟ್ರಾಯಿಟ್ ಪಕ್ಕದಲ್ಲಿ ಮನೆ ಕೊಂಡವರು ನಾವು. ಕೊಳ್ಳುವಾಗ ಸ್ಕೂಲ್ ಡಿಸ್ಟ್ರಿಕ್ಟ್ ನೋಡಿದೆವು, ಗರಾಜಿನಲ್ಲಿ ಎಷ್ಟು ಕಾರು ಹಿಡಿಯುತ್ತದೆ ನೋಡಿದೆವು. ಮಹಡಿಯಲ್ಲಿ ಮಲಗುವ ಕೋಣೆಗಳ ನಡುವಿನ ಓಣಿಗೆ ಒಂದು ಕಿಟಕಿಯೂ ಇಲ್ಲವೆಂಬುದು ಕಣ್ಣಿಗೆ ಬೀಳಲಿಲ್ಲ. ಸ್ವಿಚ್ ಇತ್ತಲ್ಲ!

ತೀರ್ಥಹಳ್ಳಿ ಕಡೆಯಿಂದ ಅಮ್ಮ ಬಂದು ನಮ್ಮೊಡನೆ ನೆಲೆಸಿದ ಮೊದಲ ಡಿಸೆಂಬರ್. ಬೆಳಿಗ್ಗೆ 11 ಗಂಟೆಗೆ ಆ ಓಣಿಯಲ್ಲಿ ಬಟ್ಟೆ ಬುಟ್ಟಿ ಎಡವಿ ಬಿದ್ದರು. ಮುಂಗೈ ಮೂಳೆ ಮುರಿಯಿತು. ದೀಪ ಯಾಕೆ ಹಾಕಲಿಲ್ಲ ಎಂದು ನಾವು ಜೋರು ಮಾಡಿದೆವು. "ಹಗಲು ಹೊತ್ತಿನಲ್ಲಿ ಯಾರಾದ್ರೂ ದೀಪ ಹಾಕ್ಕೊಂಡು ಓಡಾಡ್ತಾರಾ?" ಎಂದರು. ಅದು ಜಿಪುಣತನವಲ್ಲ, ಜೀವಮಾನದ ಅಭ್ಯಾಸ. ತಮ್ಮ ಮನೆಗಳಲ್ಲೂ ಇಂಥ ಅಮ್ಮ, ಅತ್ತೆ, ಮಾವ ಇರಬಹುದು. ಮನೆಯಲ್ಲಿ ಬೆಳಕು ಸಾಕಷ್ಟಿದೆಯೇ, ಕಾಲಿಗೆ ತೊಡರುವುದೇನಾದರೂ ಇದೆಯೇ ಎಂದು ವಯಸ್ಸಾದ ಪೇಷಂಟುಗಳನ್ನು ದಿನವೂ ಕೇಳುವ ನಾವು, ನಮ್ಮ ಮನೆಯಲ್ಲೇ ಕೇಳಿರಲಿಲ್ಲ. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಗಟ್ಟುತ್ತದೆ. 20ರ ಹುಡುಗನ ಅಕ್ಷಿಪಟಲಕ್ಕೆ ತಲುಪುವ ಬೆಳಕಿನ ಸುಮಾರು ಮೂರನೇ ಒಂದು ಪಾಲು ಮಾತ್ರ 60ರವರಿಗೆ ತಲುಪುತ್ತದೆ. ನಮಗೆ ಮಬ್ಬು ಎನಿಸಿದ ಓಣಿ ಅವರಿಗೆ ಕತ್ತಲೆಯೇ ಆಗಿತ್ತು.

ಅಮ್ಮನ ಊರಿನ ಅಡಿಗೆಮನೆಯಲ್ಲಿ ಹೆಂಚುಗಳ ನಡುವೆ ಒಂದು ಗಾಜಿನ ಹೆಂಚು ಇತ್ತು. ಅದರಿಂದ ಬಿದ್ದ ಬಿಸಿಲಿನ ತುಂಡು ಸರಿಯುತ್ತ ಸರಿಯುತ್ತ ಒರಳುಕಲ್ಲಿನ ಹತ್ತಿರ ಬಂದರೆ ಅನ್ನಕ್ಕೆ ಇಡುವ ಹೊತ್ತು. ಇಲ್ಲಿ ಅದು ನಡೆಯುವುದಿಲ್ಲ. ಮಾಡಿಗೂ ಸೀಲಿಂಗಿಗೂ ಮಧ್ಯೆ ಅಟ್ಟ, ಅಟ್ಟದ ತುಂಬ ಇನ್ಸುಲೇಷನ್. ಇದಕ್ಕೆ ಸಿಕ್ಕ ಉಪಾಯವೇ ಕೊಳವೆ ಸ್ಕೈಲೈಟ್. ಮಾಡಿನ ಮೇಲೆ ಪಾರದರ್ಶಕ ಪ್ಲಾಸ್ಟಿಕ್ಕಿನ ಗುಮ್ಮಟ, ಅಟ್ಟದೊಳಗೆ ಒಳಮೈ ಕನ್ನಡಿಯಂತಿರುವ ಕೊಳವೆ, ಸೀಲಿಂಗಿನಲ್ಲಿ ಬೆಳಕು ಹರಡುವ ಬಿಲ್ಲೆ. 10 ಇಂಚು, 14 ಇಂಚು ಅಗಲದಲ್ಲಿ ಸಿಗುತ್ತದೆ. 10 ಇಂಚಿನದು ಮರದ ತೊಲೆಗಳ ನಡುವೆ ಸಲೀಸಾಗಿ ಕೂರುವುದರಿಂದ ತೊಲೆ ಕತ್ತರಿಸುವ ರಗಳೆಯಿಲ್ಲ.

ನಾವು ಆತುರಪಟ್ಟೆವು. ಅಗ್ಗಕ್ಕೆ ಒಪ್ಪಿದ ಕಂತ್ರಾಟುದಾರನೊಬ್ಬ ಮಡಚಿ ಬಗ್ಗಿಸಬಹುದಾದ, ಸುಕ್ಕುಸುಕ್ಕಾದ ಕೊಳವೆಯನ್ನು ತನಗೆ ಅನುಕೂಲವಾದ ಉತ್ತರದ ಇಳಿಜಾರಿನಲ್ಲಿ ಕೂರಿಸಿ ಹೋದ. ಬೇಸಿಗೆಯಲ್ಲಿ ಚೆನ್ನಾಗಿಯೇ ಇತ್ತು. ಡಿಸೆಂಬರಿನಲ್ಲಿ ಬೆಳಕು ಮಾಯ. ಜನವರಿಯಲ್ಲಿ ಬಿಲ್ಲೆಯಿಂದ ನೀರು ತೊಟ್ಟಿಕ್ಕತೊಡಗಿತು. ಮಾಡು ಸೋರುತ್ತಿದೆ ಎಂದು ಗಾಬರಿಯಾದೆವು. ಸೋರುತ್ತಿರಲಿಲ್ಲ. ನಮ್ಮ ಅಡಿಗೆಮನೆಯ ಕುಕ್ಕರಿನ ಹಬೆಯೇ ಮಹಡಿಗೆ ಏರಿ, ಬಿಲ್ಲೆಯ ಸಂದಿಯಿಂದ ತಣ್ಣಗಿನ ಕೊಳವೆಯೊಳಕ್ಕೆ ಹೋಗಿ, ನೀರಾಗಿ ವಾಪಸು ಬರುತ್ತಿತ್ತು!

ಆಮೇಲೆ ಕಾಗದ ಪೆನ್ಸಿಲ್ ಹಿಡಿದು ಕೂತೆವು. ಬೆಂಗಳೂರಿನಲ್ಲಿ ಡಿಸೆಂಬರ್ 21ರ ನಡುಹಗಲಲ್ಲೂ ಸೂರ್ಯ ದಿಗಂತದಿಂದ ಸುಮಾರು 54 ಡಿಗ್ರಿ ಮೇಲಿರುತ್ತಾನೆ. ಡೆಟ್ರಾಯಿಟಿನಲ್ಲಿ ಬರೀ 24. ನಮ್ಮ ಮಾಡಿನ ಇಳಿಜಾರು ಅದಕ್ಕಿಂತ ಹೆಚ್ಚು ಕಡಿದು. ಅಂದಮೇಲೆ ಉತ್ತರದ ಬದಿಗೆ ಆ ದಿನಗಳಲ್ಲಿ ನೇರ ಬಿಸಿಲು ತಾಕುವುದೇ ಇಲ್ಲ. ಇನ್ನೊಂದು ಲೆಕ್ಕ ನೋಡಿ. 10 ಇಂಚು ಅಗಲ, 6 ಅಡಿ ಉದ್ದದ ಕೊಳವೆಯಲ್ಲಿ ಜೂನ್ ತಿಂಗಳ ನಡುಹಗಲಿನ ಕಿರಣ ಎರಡು ಮೂರು ಸಲ ಗೋಡೆಗೆ ಬಡಿದು ಕೆಳಗಿಳಿಯುತ್ತದೆ. ಡಿಸೆಂಬರಿನ ಓರೆ ಕಿರಣ ಸುಮಾರು 16 ಸಲ ಬಡಿಯಬೇಕು. ಪ್ರತಿ ಸಲವೂ ನೂರಕ್ಕೆ 95 ಪಾಲು ಹಿಂದಿರುಗಿಸುವ ಒಳಮೈಯಾದರೆ ಕೊನೆಗೆ ಉಳಿಯುವುದು 44 ಪಾಲು. 99 ಹಿಂದಿರುಗಿಸುವುದಾದರೆ 85. ಅಂಗಡಿಯಲ್ಲಿ 95ಕ್ಕೂ 99ಕ್ಕೂ ಏನು ಮಹಾ ವ್ಯತ್ಯಾಸ ಎನಿಸುತ್ತದೆ. ಚಳಿನಾಡಿನಲ್ಲಿ ಅದೇ ಎಲ್ಲ ವ್ಯತ್ಯಾಸ. ಗುಮ್ಮಟದಲ್ಲೇ ಓರೆ ಬಿಸಿಲನ್ನು ಕೆಳಮುಖಕ್ಕೆ ತಿರುಗಿಸುವ ಏರ್ಪಾಟಿದ್ದರೆ ಇನ್ನೂ ಒಳ್ಳೆಯದು.

ಮರುವರ್ಷ ತೆಗೆಸಿ, ದಕ್ಷಿಣದ ಇಳಿಜಾರಿನಲ್ಲಿ ಬೇರೆ ಹಾಕಿಸಿದೆವು. ಗಟ್ಟಿ ಕೊಳವೆ, ಆದಷ್ಟು ನೆಟ್ಟಗೆ, ಆದಷ್ಟು ಗಿಡ್ಡ. ಅಟ್ಟದಲ್ಲಿ ಅದರ ಸುತ್ತ ಇನ್ಸುಲೇಷನ್ ಹೊದಿಕೆ, ಸೀಲಿಂಗಿನ ಕಡೆ ಗಾಳಿಯಾಡದಂತೆ ಬಿಗಿ. ಗುಮ್ಮಟದ ಬುಡದ ತಗಡು ನಮ್ಮ ಮಾಡಿನ ಶಿಂಗಲ್ಸಿಗೆ ಹೊಂದುವುದೇ ಎಂದು ಈ ಸಲ ಮೊದಲೇ ಕೇಳಿದೆವು. ಎರಡು ಖರ್ಚು ಸೇರಿಸಿದರೆ ಮೊದಲೇ ಒಳ್ಳೆಯದನ್ನು ಕೊಂಡಿದ್ದಕ್ಕಿಂತ ಜಾಸ್ತಿ. ಮನೆಯಲ್ಲಿ ಇದನ್ನು ಈಗಲೂ ಜ್ಞಾಪಿಸುತ್ತಿರುತ್ತಾರೆ.

ವೈದ್ಯರಾಗಿ ಎರಡು ಮಾತು ಹೇಳದಿದ್ದರೆ ತಪ್ಪಾದೀತು. ಈ ಬೆಳಕಿನ ಕೆಳಗೆ ಕೂತರೆ ವಿಟಮಿನ್ ಡಿ ಬರುತ್ತದೆಂದು ಮಾತ್ರೆ ನಿಲ್ಲಿಸಬೇಡಿ. ಅದಕ್ಕೆ ಬೇಕಾದ ಅತಿನೇರಳೆ ಕಿರಣ ಒಳಗೆ ಬರುವುದಿಲ್ಲ. ಇನ್ನು ಚಳಿಗಾಲದ ಮಂಕು, ನಾರ್ಮನ್ ರೋಸೆಂತಾಲ್ ಮತ್ತು ಸಂಗಡಿಗರು 1984ರಲ್ಲಿ ವಿವರಿಸಿದ ಆ ಖಿನ್ನತೆಗೂ ಇದು ಮದ್ದಲ್ಲ. ಅದರ ಚಿಕಿತ್ಸೆಗೆ ಬಳಸುವ ದೀಪ 10,000 ಲಕ್ಸ್, ಬೆಳಿಗ್ಗೆ ಸುಮಾರು ಅರ್ಧ ಗಂಟೆ. ನಮ್ಮ ಓಣಿಗೆ ಅದರ ಹತ್ತಿರವೂ ಬರುವುದಿಲ್ಲ. ದಟ್ಟ ಮೋಡದ ದಿನ ಪುಸ್ತಕ ಓದಲಾಗದು, ಎಡವದೆ ನಡೆಯಬಹುದು. ನಮಗೆ ಬೇಕಾಗಿದ್ದೂ ಅಷ್ಟೇ. ರಾತ್ರಿಗೆಂದು ಓಡಾಡಿದರೆ ತಾನೇ ಹೊತ್ತಿಕೊಳ್ಳುವ ಸಣ್ಣ ದೀಪವನ್ನೂ ಗೋಡೆಗೆ ಹಾಕಿಸಿದ್ದೇವೆ.

ಅಮ್ಮನ ಕೈ ಕೂಡಿಕೊಂಡಿತು, ಕೊಂಚ ಸೊಟ್ಟಗೆ. ಈಗ ಹಗಲಲ್ಲಿ ಗೋಡೆ ತಡವದೆ ಆ ಓಣಿಯಲ್ಲಿ ಓಡಾಡುತ್ತಾರೆ. ಒಂದೇ ಒಂದು ದೂರು: ಬಿಲ್ಲೆ ಬೆಳಕನ್ನು ಎಲ್ಲ ಕಡೆ ಹರಡಿಬಿಡುವುದರಿಂದ ನೆಲದ ಮೇಲೆ ಬಿಸಿಲಿನ ತುಂಡು ಬೀಳುವುದಿಲ್ಲ. "ಇಷ್ಟು ದುಡ್ಡು ಕೊಟ್ರಿ, ಇದರಲ್ಲಿ ಗಂಟೆ ಎಷ್ಟು ಅಂತಾನೇ ತಿಳಿಯೋದಿಲ್ಲವಲ್ಲ" ಎನ್ನುತ್ತಾರೆ. ಇದಕ್ಕೆ ನಮ್ಮಲ್ಲಿ ಉತ್ತರವಿಲ್ಲ. ಅವರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಉಳಿದದ್ದನ್ನು ಊಟದ ಹೊತ್ತಿಗೆ ಅವರನ್ನೇ ಕೇಳಿ.